ನಾಲ್ಕನೆಯ ಮಗ್ಗಿನ ನೀರು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಗ್ಯಾರೇಜು ಬೀದಿಯ ಶಟರುಗಳೆಲ್ಲ ಮುಚ್ಚಿವೆ. ಸೀಟ್ ಕವರ್ ಹೊಲಿಯುವ ಅಂಗಡಿಯದೊಂದು ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಟ್ಯೂಬ್‌ಲೈಟಿನ ಕೆಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಣಕೈವರೆಗೆ ಸೋಪಿನ ನೊರೆ ಏರಿಸಿಕೊಂಡು ಕೈ ತೊಳೆಯುತ್ತಿದ್ದಾರೆ. ಅದೂ ಒಂದು ಸಲವಲ್ಲ, ಎರಡು ಸಲ. ಉಗುರಿನ ಸಂದಿಗೆಂದೇ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಇದೆ. ಕಾರು ರಿಪೇರಿಯವರು ಕೆಲಸ ಮುಗಿಸಿ ಕೈ ತೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಕೆಲಸ ಶುರುಮಾಡುವ ಮೊದಲೇ ಹೀಗೆ ಉಜ್ಜಿಕೊಳ್ಳುವವರು ಅಪರೂಪ.

“ಕೈಯಲ್ಲಿ ಚೂರು ಗ್ರೀಸಿದ್ರೂ ಸಾಕು, ಗಾಡಿ ಒಳಚಾವಣಿ ಬಟ್ಟೆ ಮೇಲೆ ಐದೂ ಬೆರಳು ಕೂತ್ಬಿಡುತ್ತೆ. ಆಮೇಲೆ ಗಾಡಿಯವರು ತಲೆ ಎತ್ತಿದಾಗೆಲ್ಲ ನನ್ನ ಕೈಯೇ ಕಾಣ್ಬೇಕಾ?” ಎನ್ನುತ್ತಾರೆ.

ಅವರ ಕಸುಬು ಕಾರುಗಳ ಸನ್‌ರೂಫ್ ರಿಪೇರಿ. ಚಾವಣಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡರೆ, ಗುಂಡಿ ಒತ್ತಿದರೂ ಕದಲದಿದ್ದರೆ, ಮಳೆ ಬಂದಾಗ ತಲೆಯ ಮೇಲೆ ತೊಟ್ಟಿಕ್ಕಿದರೆ ಈ ಬೀದಿಯ ಮೆಕ್ಯಾನಿಕ್ಕುಗಳೆಲ್ಲ ಬೆರಳು ತೋರಿಸುವುದು ಇವರ ಕಡೆಗೆ. ನೀರಿನಿಂದ ಕಾರು ಕಾಯುವವರೆಂದು ಯಾರೋ ತಮಾಷೆಗೆ ‘ಕೊಡೆಯಕ್ಕ’ ಅಂದರಂತೆ. ಈಗ ಅಂಗಡಿಗೆ ಬರುವ ಗಿರಾಕಿಗಳೂ ಹಾಗೆಯೇ ಕೇಳಿಕೊಂಡು ಬರುತ್ತಾರೆ. ಹೊರಗಿನ ಬೋರ್ಡಿನಲ್ಲಿ ಮಾತ್ರ ಇಂದಿಗೂ ‘ಇಲ್ಲಿ ಸೀಟ್ ಕವರ್ ಹೊಲಿದು ಕೊಡಲಾಗುವುದು’ ಎಂದಷ್ಟೇ ಇದೆ. ಅದು ಅವರ ಯಜಮಾನರ ಕಸುಬು.

ಪತ್ರಿಕೆಯಿಂದ ಜನ ಬರುತ್ತಾರೆಂದು ಇವತ್ತು ಕೊಡೆಯಕ್ಕ ಹೊಸ ಏಪ್ರನ್ ಕಟ್ಟಿದ್ದಾರೆ. ಕೆಲಸಕ್ಕೆ ಒಂದು ಬೆಳ್ಳಿ ಬಣ್ಣದ ಕಾರು ಗಾಜು ತೆರೆದುಕೊಂಡು ಸಿದ್ಧವಾಗಿ ನಿಂತಿದೆ. ಕೈ ಒರೆಸಿಕೊಂಡವರು ನಲ್ಲಿಯ ಪಕ್ಕದಲ್ಲಿದ್ದ ಕೆಂಪು ಬಕೆಟ್ಟಿಗೆ ಕೈ ಹಾಕುತ್ತಾರೆ. ಹಾಕಿದವರು ಹಾಗೆಯೇ ನಿಂತುಬಿಡುತ್ತಾರೆ.

ಬಕೆಟ್ಟಿನ ತಳದಲ್ಲಿ ನೀರಿದೆ. ಸುಮಾರು ಒಂದು ಮಗ್ಗಿನಷ್ಟು.

“ರೀ, ಸ್ವಲ್ಪ ಇಲ್ಲಿ ಬನ್ನಿ.”

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಯಜಮಾನರು ಬರುತ್ತಾರೆ.

“ನಿನ್ನೆ ಸಂಜೆ ಆದ್ಮೇಲೆ ಈ ಬಕೆಟ್ಟಿಗೆ ನೀರು ಹಿಡಿದ್ರಾ?”

“ನಿನ್ನ ಬಕೆಟ್ಟನ್ನ ನಾನ್ಯಾಕೆ ಮುಟ್ಟಲಿ? ಮುಟ್ಟಿದ್ರೆ ಮನೇಲಿ ಇರೋಕ್ ಬಿಡ್ತೀಯಾ ನೀನು?”

“ತಮಾಷೆ ಬೇಡ. ಅತ್ತೆ ಏನಾದ್ರೂ...”

“ನನ್ನ ಸುದ್ದಿಗೆ ಬರ್ಬೇಡಿ,” ಎಂದು ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ. “ನಾನು ಆ ಕಡೆ ತಲೆ ಹಾಕಿಲ್ಲ.”

ಕೊಡೆಯಕ್ಕ ಬಕೆಟ್ಟನ್ನು ಬೆಳಕಿಗೆ ಎತ್ತಿ ಹಿಡಿದು ಮತ್ತೆ ಮತ್ತೆ ನೋಡುತ್ತಾರೆ. ಒಂದು ಮಗ್ಗು ನೀರಿಗೆ ಇಷ್ಟೇಕೆ ಗಾಬರಿ ಎಂದು ನೋಡುವವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಅದು ತಿಳಿಯಬೇಕಾದರೆ ಸನ್‌ರೂಫ್ ಹೇಗೆ ಕೆಲಸ ಮಾಡುತ್ತದೆಂದು ಅವರ ಬಾಯಿಂದಲೇ ಕೇಳಬೇಕು.

“ಎಲ್ರೂ ತಿಳ್ಕೊಂಡಿರೋದು ಗಾಜಿನ ಸುತ್ತ ಇರೋ ರಬ್ಬರ್ ನೀರು ತಡೆಯುತ್ತೆ ಅಂತ. ಇಲ್ಲಪ್ಪ. ರಬ್ಬರ್ ದಾಟಿ ನೀರು ಒಳಗೆ ಬಂದೇ ಬರುತ್ತೆ. ಕೆಳಗಡೆ ಒಂದು ತಟ್ಟೆ ಥರ ಇರುತ್ತೆ, ಅದರ ನಾಲ್ಕು ಮೂಲೆಗೂ ಒಂದೊಂದು ಸಣ್ಣ ಪೈಪು. ಬಾಗಿಲ ಪಕ್ಕದ ಕಂಬದೊಳಗಿಂದ ಇಳಿದು ನೀರು ಹೊರಗೆ ಹೋಗ್ಬೇಕು. ಪೈಪು ಕಟ್ಟಿಕೊಂಡ್ರೆ ತಟ್ಟೆ ತುಂಬುತ್ತೆ, ತುಂಬಿದ್ದು ತಲೆ ಮೇಲೆ ಬೀಳುತ್ತೆ. ಅಷ್ಟೇ ವಿಷ್ಯ.”

ಇದು ತಿಳಿಯದೆ ಗಾಜಿನ ಸುತ್ತ ಅಂಟು ಮೆತ್ತಿಕೊಂಡು ಬರುವವರು ತಿಂಗಳಿಗೆ ಮೂರಾದರೂ ಮಂದಿ ಇದ್ದಾರೆ. ಒಬ್ಬರಂತೂ ಮೆತ್ತಿದ ಮೇಲೆ ಗಾಜು ತೆರೆಯುವ ಗುಂಡಿ ಒತ್ತಿ ಮೋಟಾರನ್ನೂ ಸುಟ್ಟುಕೊಂಡು ಬಂದಿದ್ದರಂತೆ.

ಕೊಡೆಯಕ್ಕನ ನೇಮ ಇಷ್ಟು. ಯಾವ ತೊಂದರೆಗೆ ಬಂದ ಕಾರೇ ಆಗಲಿ, ಕೀ ವಾಪಸು ಕೊಡುವ ಮೊದಲು ತಟ್ಟೆಯ ನಾಲ್ಕೂ ಮೂಲೆಗೆ ಒಂದೊಂದು ಮಗ್ಗು ನೀರು ಸುರಿಯಬೇಕು. ಸುರಿದು ಎಣಿಸಬೇಕು. ಹನ್ನೆರಡು ಎಣಿಸುವುದರೊಳಗೆ ಆ ಮೂಲೆಯ ನೀರು ಕಾರಿನಡಿ ನೆಲಕ್ಕೆ ಬೀಳಬೇಕು. ಕೆಂಪು ಬಕೆಟ್ಟು ಗೆರೆಯವರೆಗೆ ತುಂಬಿದರೆ ಹಿಡಿಯುವುದು ಸರಿಯಾಗಿ ನಾಲ್ಕು ಮಗ್ಗು. ಪರೀಕ್ಷೆ ಮುಗಿದಾಗ ಬಕೆಟ್ಟು ಖಾಲಿ ಇರುತ್ತದೆ, ಅದನ್ನು ಬೋರಲು ಹಾಕುವುದೇ ಕೆಲಸ ಮುಗಿದ ಲಕ್ಷಣ. ನಿನ್ನೆ ಸಂಜೆ ಕೊನೆಯ ಕಾರು ಹೋದ ಮೇಲೆ ಬಕೆಟ್ಟನ್ನು ಬೋರಲು ಹಾಕಿಲ್ಲ. ಅದರಲ್ಲಿ ಒಂದು ಮಗ್ಗು ಉಳಿದಿದೆ. ಅಂದರೆ ಒಂದು ಮೂಲೆಯನ್ನು ನೋಡದೆ ಕಾರು ಕಳಿಸಿದ್ದಾರೆ.

“ಮೇಷ್ಟ್ರ ಗಾಡಿ,” ಎನ್ನುತ್ತಾರೆ ಕೊಡೆಯಕ್ಕ, ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂರುತ್ತ. “ದೇವ್ರೇ, ಅದು ಮೇಷ್ಟ್ರ ಗಾಡಿ.”

ನಿವೃತ್ತ ಮೇಷ್ಟ್ರೊಬ್ಬರ ನೀಲಿ ಕಾರು ಅದು. ಗಾಜು ಓರೆಯಾಗಿ ಸಿಕ್ಕಿಕೊಂಡಿತ್ತು, ಮುಂದಿನ ಸೀಟಿಗೆ ನೀರೂ ಸೋರುತ್ತಿತ್ತು. ಕೊಡೆಯಕ್ಕ ಗಾಜು ಜಾರುವ ಹಳಿ ಬಿಚ್ಚಿ ಒರೆಸಿ, ಕಟ್ಟಿಕೊಂಡಿದ್ದ ಪೈಪು ಬಿಡಿಸಿ, ಮೋಟಾರಿಗೆ ಮತ್ತೆ ‘ಪಾಠ ಹೇಳಿಕೊಟ್ಟು’ ಸಂಜೆಗೆ ಸಿದ್ಧಮಾಡಿದ್ದರು. ಪಾಠ ಎಂದರೆ, ಗುಂಡಿಯನ್ನು ಬಿಡದೆ ಒತ್ತಿ ಹಿಡಿದರೆ ಗಾಜು ಒಮ್ಮೆ ಪೂರ್ತಿ ತೆರೆದು ಪೂರ್ತಿ ಮುಚ್ಚಿಕೊಳ್ಳುತ್ತದೆ. ಆಗ ಎಲ್ಲಿ ನಿಲ್ಲಬೇಕೆಂಬುದು ಮೋಟಾರಿಗೆ ಮತ್ತೆ ನೆನಪಾಗುತ್ತದೆ. ಅದೂ ಆಗಿ ನೀರು ಸುರಿಯುತ್ತಿದ್ದಾಗ ಮೇಷ್ಟ್ರು ಬಂದರು. ಬಂದವರೇ ಫೋನು ಮುಂದೆ ಹಿಡಿದರು. ಮಗಳಿಗೆ ಹೆರಿಗೆಯಾಗಿದೆ, ನಾಲ್ಕು ದಿನದ ಕೂಸು, ನಾಳೆ ಬೆಳಗ್ಗೆ ಆಸ್ಪತ್ರೆಯಿಂದ ಮನೆಗೆ ಕರೆತರಬೇಕು, ಅದಕ್ಕೇ ಈ ಕಾರು ಇವತ್ತೇ ಬೇಕು. ಫೋಟೊದಲ್ಲಿ ಕೂಸು ಆಕಳಿಸುತ್ತಿತ್ತು. ಕೊಡೆಯಕ್ಕ ಮಗ್ಗು ಕೆಳಗಿಟ್ಟು, ಒದ್ದೆ ಕೈ ಒರೆಸಿಕೊಂಡು ನೋಡಿದರು. ಇನ್ನೊಂದು ಫೋಟೊ, ಮತ್ತೊಂದು. ಮೂಗು ಯಾರ ಹಾಗಿದೆ ಎಂಬ ಚರ್ಚೆಗೆ ಯಜಮಾನರೂ ಬಂದು ಸೇರಿದರು. ಆ ಸಡಗರದಲ್ಲೇ ಕೀ ಕೈ ಬದಲಾಯಿತು.

“ಯಾವ ಮೂಲೆ ಬಿಟ್ಟೆ ಅಂತಾನೂ ನೆನಪಾಗ್ತಿಲ್ಲ ನಂಗೆ.”

“ಬಿಟ್ಟೇ ಇರ್ಲಿಕ್ಕಿಲ್ಲ,” ಎಂದು ಯಜಮಾನರು ಸಮಾಧಾನ ಮಾಡುತ್ತಾರೆ. “ನಿನ್ನೆ ಮಗ್ಗು ಕಮ್ಮಿ ತುಂಬಿಸ್ಕೊಂಡಿರ್ತೀಯ. ಹದಿನಾಲ್ಕು ವರ್ಷದಿಂದ ಮಾಡೋ ಕೆಲಸ, ತಪ್ಪುತ್ತಾ?”

“ತಪ್ಪಿದೆ. ಒಂದ್ಸಲ ತಪ್ಪಿದೆಯಲ್ಲ. ಗೊತ್ತಿದ್ದೂ ಹೀಗಂತೀರಲ್ಲ.”

ಯಜಮಾನರು ಹೋಗಿ ಶಟರನ್ನು ಪೂರ್ತಿ ಎತ್ತುತ್ತಾರೆ. ಆಚೆ ಬೆಳಕು ಹರಿಯಬೇಕಿತ್ತು, ಹರಿದಿಲ್ಲ. ಬೀದಿಯ ತುದಿಯ ನೀರಿನ ಟ್ಯಾಂಕಿನ ಹಿಂದೆ ಮೋಡ ಕಪ್ಪಗೆ ಕಟ್ಟಿದೆ. ಕೊಡೆಯಕ್ಕ ಮೇಷ್ಟ್ರಿಗೆ ಫೋನು ಹಚ್ಚುತ್ತಾರೆ. ಸ್ವಿಚ್ ಆಫ್. ಇನ್ನೊಮ್ಮೆ. ಮತ್ತೆ ಸ್ವಿಚ್ ಆಫ್.

“ಊರಿಗೆಲ್ಲ ಫೋಟೊ ತೋರಿಸಿ ಬ್ಯಾಟರಿ ಖಾಲಿ ಮಾಡ್ಕೊಂಡಿರ್ತಾರೆ,” ಎನ್ನುತ್ತಾರೆ ಯಜಮಾನರು.

ಮೇಷ್ಟ್ರ ಮನೆ ಎಲ್ಲಿದೆ ಎಂಬುದು ಇಬ್ಬರಿಗೂ ತಿಳಿದಿಲ್ಲ. ಆಸ್ಪತ್ರೆಯ ಹೆಸರನ್ನು ಅವರು ಹೇಳಿಲ್ಲ. ಎಂಟು ಗಂಟೆಗೆ ಮಗಳನ್ನು ಬಿಡುತ್ತಾರೆಂದಷ್ಟೇ ಹೇಳಿದ್ದರು. ಹತ್ತತ್ತು ನಿಮಿಷಕ್ಕೊಮ್ಮೆ ಫೋನು ಮಾಡುತ್ತ, ನಡುವೆ ಬೆಳ್ಳಿ ಕಾರಿನ ಚಾವಣಿ ಬಟ್ಟೆ ಇಳಿಸುತ್ತ, ಕೊಡೆಯಕ್ಕ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಮಾತಿನಲ್ಲಿದ್ದರೆ ಎದೆ ಹೊಡೆದುಕೊಳ್ಳುವುದು ಕಮ್ಮಿಯಾಗುತ್ತದಂತೆ.

ಅವರು ಈ ಕಸುಬಿಗೆ ಬಂದದ್ದು ಹೊಲಿಗೆಯ ಬಾಗಿಲಿನಿಂದ. ಮದುವೆಯಾದ ಹೊಸತರಲ್ಲಿ ಯಜಮಾನರು ಸೀಟು ಹೊಲಿದರೆ ಇವರು ಕಾರಿನ ಒಳಚಾವಣಿಗೆ ಬಟ್ಟೆ ಅಂಟಿಸುತ್ತಿದ್ದರು. ಅಕ್ಕಪಕ್ಕದ ಮೆಕ್ಯಾನಿಕ್ಕುಗಳು ಸನ್‌ರೂಫ್ ಮುಟ್ಟಬೇಕಾದರೆ ಮೊದಲು ಆ ಬಟ್ಟೆ ಅಂಟಿಸಿದ ಹಲಗೆ ಇಳಿಸಬೇಕು. ಅದು ಮಡಚಿದರೆ ಮುಗಿಯಿತು, ಗೆರೆ ಹೋಗುವುದಿಲ್ಲ. ಕಲೆಯಾದರೆ ಗಿರಾಕಿ ಬಿಡುವುದಿಲ್ಲ. ಹಾಗಾಗಿ ಇಳಿಸಲು ಇವರನ್ನು ಕರೆಯುತ್ತಿದ್ದರು, ಏರಿಸಲು ಮತ್ತೆ ಕರೆಯುತ್ತಿದ್ದರು. ನಡುವಿನ ಎರಡು ಗಂಟೆ ಇವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದರು.

“ಅವರು ಇಲ್ಲಿ ಹುಡುಕಿದ್ರೆ ತೊಂದ್ರೆ ಅಲ್ಲಿರ್ತಿತ್ತು. ಹೇಳಿದ್ರೆ ‘ಅಕ್ಕಾ, ನೀವು ಬಟ್ಟೆ ನೋಡ್ಕೊಳ್ಳಿ’ ಅನ್ನೋರು. ನಾನು ನೋಡ್ಕೊಂಡೇ ಇದ್ದೆ. ಒಂದಿನ ಮೂರು ಜನ ಸೇರಿ ಒಂದು ಗಾಡೀನ ಬೆಳಗ್ಗಿಂದ ಮಧ್ಯಾಹ್ನದ ತನಕ ಬಿಚ್ಚಿ ಹಾಕಿದ್ರು. ಗಾಜು ಎಳೆಯೋಕೆ ಎರಡೂ ಕಡೆ ಹಲ್ಲಿರೋ ತಂತಿ ಇರುತ್ತೆ, ಎಡಗಡೇದು ಹಳಿಯಲ್ಲಿ ಒಂದು ಹಲ್ಲು ಮುಂದೆ ಕೂತಿತ್ತು, ಅದಕ್ಕೇ ಗಾಜು ಸೊಟ್ಟ ಹೋಗ್ತಿತ್ತು. ಅವರು ಊಟಕ್ಕೆ ಹೋದಾಗ ಒಂದು ಹಲ್ಲು ಹಿಂದಕ್ಕೆ ಕೂರಿಸಿದೆ. ಆಮೇಲೆ ಯಾರೂ ಬಟ್ಟೆ ನೋಡ್ಕೋ ಅನ್ಲಿಲ್ಲ.”

ಈಗ ವರ್ಷಕ್ಕೆ ಇನ್ನೂರೈವತ್ತರಿಂದ ಮುನ್ನೂರು ಕಾರು. ಹತ್ತರಲ್ಲಿ ಆರು ಏಳಕ್ಕೆ ಪೈಪು ಕಟ್ಟಿಕೊಂಡ ತೊಂದರೆ, ಉಳಿದವು ಹಳಿಯದು, ತಂತಿಯದು, ಎಲ್ಲೋ ಒಂದು ಮೋಟಾರಿನದು. ಒಂದು ಚಾವಣಿ ಇಳಿಸಲು ಸುಮಾರು ಇಪ್ಪತ್ತು ಕ್ಲಿಪ್ಪು ಬಿಡಿಸಬೇಕು. ಅವನ್ನು ಬಣ್ಣ, ಗಾತ್ರ ನೋಡಿ ಡಬ್ಬಿಗಳಿಗೆ ಹಂಚುವುದು ಒಳಕೋಣೆಯ ಅತ್ತೆಯ ಕೆಲಸ. ಎಪ್ಪತ್ತೆಂಟರ ವಯಸ್ಸಿನಲ್ಲೂ ಕ್ಲಿಪ್ಪು ಮುರಿದಿದ್ದರೆ ಬೆರಳಲ್ಲೇ ಹೇಳುತ್ತಾರೆ. ದಿನಕ್ಕೆ ಆರೇಳು ಗಂಟೆ ಕೈ ಮೇಲೆತ್ತಿ ದುಡಿದು ಕೊಡೆಯಕ್ಕನ ಕತ್ತು ಹಿಡಿದುಕೊಂಡಿದೆ. ಬಲಗೈಯ ಎರಡು ಬೆರಳು ಬೆಳಗಿನ ಹೊತ್ತು ಜೋಮು ಹಿಡಿಯುತ್ತವೆ. ಜಡೆ ಹೆಣೆದುಕೊಳ್ಳಲಾಗದೆ ಕೂದಲು ಕತ್ತರಿಸಿಕೊಂಡಿದ್ದಾರೆ. ಇದನ್ನೆಲ್ಲ ಅವರು ದೂರಿನಂತೆ ಹೇಳುವುದಿಲ್ಲ. ದೂರಿದ್ದು ಅತ್ತೆ. “ಮಳೆ ಬಂದ್ರೆ ಎಲ್ರೂ ತಂಪಾಯ್ತು ಅಂತಾರೆ, ನಮ್ಮನೆ ಸೊಸೆಗೆ ಮಾತ್ರ ಜ್ವರ ಬರುತ್ತೆ.”

ಹಿಂದೊಮ್ಮೆ ತಪ್ಪಿದ ಕತೆಯನ್ನು ಅವರಾಗಿ ತೆಗೆಯುತ್ತಾರೆ. ಕಟ್ಟಿಕೊಂಡ ಪೈಪನ್ನು ತೆಳ್ಳಗಿನ ನೈಲಾನ್ ದಾರ ತೂರಿಸಿ ನಿಧಾನಕ್ಕೆ ಬಿಡಿಸಬೇಕು. ಎಂಟು ವರ್ಷದ ಹಿಂದೆ ಅವಸರದ ದಿನವೊಂದರಲ್ಲಿ ಇವರು ಮೇಲಿನಿಂದ ಗಾಳಿ ಹೊಡೆದರು. ಕಟ್ಟಿದ್ದೇನೋ ಹೋಯಿತು, ಜೊತೆಗೆ ಕಂಬದೊಳಗೆ ಪೈಪೂ ಕಳಚಿಕೊಂಡಿತು. ಹೊರಗಿನಿಂದ ಕಾಣುವಂಥದ್ದಲ್ಲ ಅದು. ಆಗ ಮಗ್ಗಿನ ಲೆಕ್ಕವೂ ಇರಲಿಲ್ಲ. ಮೂರು ವಾರದ ಮೇಲೆ ದೊಡ್ಡ ಮಳೆ ಬಂತು, ನೀರೆಲ್ಲ ಒಳಗೇ ಇಳಿದು ವೈರಿನ ಪೆಟ್ಟಿಗೆಗೆ ಹೋಯಿತು. ಸೇತುವೆ ಹತ್ತುತ್ತಿದ್ದ ಕಾರು ದೀಪ ಸಮೇತ ಸತ್ತು ನಿಂತಿತು. ಹಿಂದಿನಿಂದ ಬಂದ ವ್ಯಾನು ಗುದ್ದಿತು. ಕಾರಿನಲ್ಲಿದ್ದವರು ಎರಡು ಬೀದಿ ಆಚೆಯ ಕನ್ನಡಕದಂಗಡಿಯವರು. ಅವರ ಎಡಗಾಲು ಇಂದಿಗೂ ನೆಟ್ಟಗಾಗಿಲ್ಲ.

“ಆಸ್ಪತ್ರೆಗೆ ಹೋಗಿ ನಾನೇ ಹೇಳ್ದೆ, ನನ್ನಿಂದ ಆಗಿದ್ದು ಅಂತ. ‘ಆಗಿದ್ದು ಆಗೋಯ್ತಮ್ಮ’ ಅಂದ್ರು. ಬೈದಿದ್ರೆ ಮರೀತಿದ್ನೋ ಏನೋ. ಈಗ್ಲೂ ದಾರೀಲಿ ನೋಡಿದ್ರೆ ನಗ್ತಾರೆ ಸರ್. ಕುಂಟ್ಕೊಂಡು ಬಂದು, ನಿಂತು, ಚೆನ್ನಾಗಿದೀಯಾ ಅಂತಾರೆ. ಅದನ್ನ ತಡ್ಕೊಳ್ಳೋಕೆ ಆಗಲ್ಲ ನಂಗೆ.”

ಹೇಳಿ ಮುಗಿಸಿ ಮತ್ತೆ ಫೋನು ತೆಗೆಯುತ್ತಾರೆ. ಸ್ವಿಚ್ ಆಫ್. ಏಳೂಕಾಲು. ಎಲ್ಲೋ ದೂರದಲ್ಲಿ ಗುಡುಗುತ್ತದೆ. ಕೊಡೆಯಕ್ಕ ಕೈಯಲ್ಲಿದ್ದ ಕ್ಲಿಪ್ಪನ್ನು ಡಬ್ಬಿಗೆ ಹಾಕಿ, ಬಕೆಟ್ಟಿನ ನೀರು ಚೆಲ್ಲಿ, ಮಗ್ಗನ್ನು ಅದರೊಳಗೆ ಇಡುತ್ತಾರೆ.

“ಗಾಡಿ ತೆಗೀರಿ. ಊರಲ್ಲಿ ಹೆರಿಗೆ ಆಸ್ಪತ್ರೆ ಇರೋದು ಎರಡೇ ಅಲ್ವಾ?”

“ಬಕೆಟ್ಟು ಯಾಕೆ? ಆಸ್ಪತ್ರೇಲಿ ಬಕೆಟ್ಟು ಇರಲ್ವಾ?”

“ಈ ಬಕೆಟ್ಟೇ ಬೇಕು.”

ಹೀಗೆ ಪತ್ರಿಕೆಯವರು ಸಂದರ್ಶನ ಮಾಡಲು ಬಂದ ವ್ಯಕ್ತಿ ತೊಡೆಯ ಮೇಲೆ ಕೆಂಪು ಬಕೆಟ್ಟಿಟ್ಟುಕೊಂಡು ಸ್ಕೂಟರಿನ ಹಿಂದೆ ಹೊರಟೇಬಿಡುತ್ತಾರೆ. ಪತ್ರಿಕೆಯವರು ಬೈಕಿನಲ್ಲಿ ಬೆನ್ನು ಹತ್ತದೆ ಬೇರೆ ದಾರಿಯಿಲ್ಲ.

ಮೊದಲ ಆಸ್ಪತ್ರೆಯ ಅಂಗಳದಲ್ಲಿ ನೀಲಿ ಕಾರುಗಳು ಎರಡಿವೆ, ಮೇಷ್ಟ್ರದಲ್ಲ. ಅಲ್ಲಿಂದ ಎರಡನೆಯದಕ್ಕೆ ಹೋಗುವಾಗ ಸಿಗ್ನಲ್ಲಿನಲ್ಲಿ ಕೊಡೆಯಕ್ಕ ನಾಲ್ಕು ಸಲ ಆಕಾಶ ನೋಡುತ್ತಾರೆ, ಯಜಮಾನರ ಭುಜ ಹಿಂಡುತ್ತಾರೆ. “ಸಿಗ್ನಲ್ ಕೆಂಪಿದೆ ಕಣೇ, ಹಾರ್ಕೊಂಡು ಹೋಗ್ಲಾ?” ಎನ್ನುತ್ತಾರೆ ಆ ಮನುಷ್ಯ. ಎರಡನೆಯ ಆಸ್ಪತ್ರೆಯ ಗೇಟಿನಿಂದ ಮುಖ್ಯ ಬಾಗಿಲವರೆಗೂ ಏರು. ಆ ಏರಿನ ಪಕ್ಕದಲ್ಲಿ ಮೂತಿ ಕೆಳಗೆ ಮಾಡಿ ನಿಂತ ಕಾರುಗಳ ಸಾಲಿನಲ್ಲಿ ಐದನೆಯದೇ ಮೇಷ್ಟ್ರ ನೀಲಿ ಕಾರು. ಎಂಟಕ್ಕೆ ಇಪ್ಪತ್ತು ನಿಮಿಷ ಇದೆ.

ಮೇಷ್ಟ್ರು ಬ್ಯಾಗು ಇಡಲು ಇಳಿದು ಬಂದಾಗ ಕಾರಿನ ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಂತ ಹೆಂಗಸನ್ನು ಕಂಡು ಮೊದಲು ನಗುತ್ತಾರೆ. ಕೂಸು ನೋಡಲು ಬಂದರೆಂದೇ ತಿಳಿದಿರಬೇಕು.

“ಮೇಷ್ಟ್ರೇ, ತಪ್ಪಾಗೋಯ್ತು. ನಿನ್ನೆ ನಿಮ್ಮ ಗಾಡೀಲಿ ಮೂರೇ ಮೂಲೆ ನೋಡಿದ್ದು ನಾನು. ಇನ್ನೊಂದು ನೋಡಿಲ್ಲ.”

“ಮೂರು ಅಂದ್ರೆ? ಎಲ್ಲಾ ಆಯ್ತು, ತಗೊಂಡ್ಹೋಗಿ ಅಂದ್ರಲ್ಲ ತಾಯಿ?”

“ಅಂದೆ. ನೋಡ್ದೇನೇ ಅಂದ್ಬಿಟ್ಟೆ.”

ಮೇಷ್ಟ್ರ ನಗು ಮಾಯವಾಗುತ್ತದೆ. ಅವರು ಸಿಟ್ಟಾಗುವ ಜನವಲ್ಲ, ಆದರೂ ದನಿ ಗಡುಸಾಗುತ್ತದೆ. “ಎಳೇ ಕೂಸು ಕೂತ್ಕೊಳ್ಳೋ ಗಾಡಿಯಮ್ಮ ಇದು. ಹೇಳಿದ್ನಲ್ಲ ನಿಮಗೆ.”

“ಹೇಳಿದ್ರಿ. ಅದಕ್ಕೇ ಬಂದೆ. ಕೀ ಕೊಡಿ, ಹತ್ತೇ ನಿಮಿಷ. ಮಳೆ ಬರೋ ಮುಂಚೆ ನೋಡ್ಬಿಡ್ತೀನಿ.”

ಯಜಮಾನರು ಗೇಟಿನ ನಲ್ಲಿಯಿಂದ ಬಕೆಟ್ಟು ತುಂಬಿಸಿ ತರುತ್ತಾರೆ. ಗಾಜು ತೆರೆಯುತ್ತದೆ. ಕೊಡೆಯಕ್ಕ ಬಾಗಿಲಿನ ಅಂಚಿನ ಮೇಲೆ ಕಾಲಿಟ್ಟು ಏರಿ, ಮುಂದಿನ ಎಡ ಮೂಲೆಗೆ ಮಗ್ಗು ಬಗ್ಗಿಸುತ್ತಾರೆ. ತುಟಿ ಎಣಿಸುತ್ತದೆ. ಹನ್ನೊಂದಕ್ಕೆ ಮುಂದಿನ ಚಕ್ರದ ಹಿಂದೆ ನೀರು ಇಳಿಯುತ್ತದೆ. ಮುಂದಿನ ಬಲಕ್ಕೂ ಹನ್ನೊಂದು. ಹಿಂದಿನ ಬಲಕ್ಕೆ ಸುರಿದು ಎಣಿಸುತ್ತಾರೆ. ಹನ್ನೆರಡು ಆಗುತ್ತದೆ, ಹದಿನೈದು ಆಗುತ್ತದೆ. ಹಿಂದಿನ ಚಕ್ರದ ಬಳಿ ನೆಲ ಒಣಗಿಯೇ ಇದೆ. ನೀರು ಸುರಿಯುತ್ತಿರುವುದು ಮುಂದಿನ ಚಕ್ರದ ಹತ್ತಿರ.

“ಬಂತಲ್ಲ ನೀರು,” ಎನ್ನುತ್ತಾರೆ ಮೇಷ್ಟ್ರು.

“ಬಂತು, ಬೇರೆ ದಾರೀಲಿ ಬಂತು.” ಕೊಡೆಯಕ್ಕ ಇಳಿದು ಕಾರಿನಿಂದ ಗೇಟಿನವರೆಗೆ ಒಮ್ಮೆ ಕಣ್ಣಾಡಿಸುತ್ತಾರೆ. ಅವರ ಹಣೆಯಲ್ಲಿ ಬೆವರು. “ಗಾಡಿ ಇಳಿಜಾರಲ್ಲಿ ನಿಂತಿದೆ. ಹಿಂದೆ ಹಾಕಿದ ನೀರೆಲ್ಲ ತಟ್ಟೇಲಿ ಮುಂದಕ್ಕೆ ಓಡಿ ಮುಂದಿನ ಪೈಪಲ್ಲೇ ಇಳೀತಿದೆ. ಹಿಂದಿನ ಪೈಪು ಸರಿ ಇದ್ರೂ ಹೀಗೇ, ಕಳಚಿಕೊಂಡಿದ್ರೂ ಹೀಗೇ. ಇಲ್ಲಿ ನೋಡಿದ್ದು ಲೆಕ್ಕಕ್ಕೇ ಬರಲ್ಲ. ಮಟ್ಟಸ ಜಾಗ ಬೇಕು.”

ಆ ಅಂಗಳದಲ್ಲಿ ಮಟ್ಟಸವಾದ ಜಾಗ ಒಂದೇ ಇದೆ. ತುರ್ತು ಚಿಕಿತ್ಸೆಯ ಬಾಗಿಲಿನ ಮುಂದಿನ ಪೋರ್ಟಿಕೊ. ಅಲ್ಲಿ ಆಂಬುಲೆನ್ಸ್ ಬಿಟ್ಟು ಬೇರೆ ವಾಹನ ನಿಲ್ಲಿಸುವಂತಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದಿದೆ, ಆ ಅಕ್ಷರ ಕಾಯಲೆಂದೇ ವಾಚ್‌ಮನ್ ಒಬ್ಬರಿದ್ದಾರೆ. ನೀಲಿ ಕಾರು ಬಂದು ನಿಲ್ಲುವುದಕ್ಕೂ ಮೊದಲ ನಾಲ್ಕು ಹನಿ ಬೀಳುವುದಕ್ಕೂ ಅವರು ಸೀಟಿ ಊದುವುದಕ್ಕೂ ಸರಿಹೋಗುತ್ತದೆ.

“ಏನಮ್ಮ, ತಲೆ ಸರಿ ಇದೆಯಾ? ಮಳೆ ಶುರುವಾಗಿದೆ, ಗಾಡಿ ಚಾವಣಿ ತೆಗೆದು ನೀರು ಹಾಕ್ತಿದ್ದೀರಾ? ತೆಗೀರಿ ಗಾಡಿ!”

“ಅಣ್ಣಾ, ಎರಡೇ ಮಗ್ಗು. ನಾಲ್ಕು ದಿನದ ಕೂಸು ಇದ್ರಲ್ಲಿ ಹೋಗುತ್ತೆ. ಆಂಬುಲೆನ್ಸ್ ಬಂದ್ರೆ ನಾನೇ ತಳ್ಕೊಂಡು ಹೋಗ್ತೀನಿ.”

ಕೂಸು ಎಂಬ ಮಾತಿಗೋ, ತಳ್ಳಿಕೊಂಡು ಹೋಗುತ್ತೇನೆಂಬ ಮಾತಿಗೋ, ವಾಚ್‌ಮನ್ ಸೀಟಿ ಬಾಯಿಂದ ತೆಗೆದು ಗೇಟಿನ ಕಡೆ ನೋಡುತ್ತಾರೆ. “ಎರಡೇ ನಿಮಿಷ ನೋಡಿ ಮತ್ತೆ.”

ಕೊಡೆಯಕ್ಕ ಮಗ್ಗಿಗೆ ಅಂಚಿನ ಕೆಳಗಿನವರೆಗೆ ನೀರು ತುಂಬಿ ನೆಲದ ಮೇಲಿಡುತ್ತಾರೆ. ಬಗ್ಗಿ, ನೀರಿನ ಅಂಚು ಎಲ್ಲ ಕಡೆ ಒಂದೇ ಎತ್ತರದಲ್ಲಿದೆಯೇ ನೋಡುತ್ತಾರೆ. ಇದೆ. ನೆಲ ಮಟ್ಟಸವಾಗಿದೆ. ಅದೇ ಮಗ್ಗನ್ನು ಹಿಂದಿನ ಬಲ ಮೂಲೆಗೆ ಸುರಿಯುತ್ತಾರೆ. ಈ ಸಲ ನೀರು ಹಿಂದೆಯೇ ಬೀಳುತ್ತದೆ, ಹನ್ನೆರಡಕ್ಕೆ ಸರಿಯಾಗಿ. ಆದರೆ ಬಕೆಟ್ಟು ಈಗ ಖಾಲಿ. ಇಳಿಜಾರಿನಲ್ಲಿ ಒಂದು ಮಗ್ಗು ದಂಡವಾಗಿದೆ. ಯಜಮಾನರು ಹೆಜ್ಜೆ ಎತ್ತುವ ಮೊದಲೇ ಮೇಷ್ಟ್ರು ಮಗ್ಗು ಕಸಿದುಕೊಂಡು ಒಳಗಿನ ಕೈತೊಳೆಯುವ ತೊಟ್ಟಿಗೆ ಓಡುತ್ತಾರೆ. ಅರವತ್ತು ದಾಟಿದವರು ಹಾಗೆ ಓಡುವುದನ್ನು ನೋಡಿ ಕಾರಿಡಾರಿನ ನರ್ಸುಗಳು ಪಕ್ಕಕ್ಕೆ ಸರಿಯುತ್ತಾರೆ. ಅವರು ತುಳುಕಿಸದೆ ತರಲು ಹೆಣಗುತ್ತಿರುವಾಗಲೇ ಹಿಂದೆ ಗಾಲಿಕುರ್ಚಿಯಲ್ಲಿ ಮಗಳು ಬರುತ್ತಾಳೆ, ತೊಡೆಯ ಮೇಲೆ ಸುತ್ತಿದ ಕೂಸು.

“ಏನಪ್ಪಾ ಇದು? ಗಾಡಿ ಕೆಟ್ಟಿದೆಯಾ?” ಆಕೆಯ ಮುಖದಲ್ಲಿ ನಾಲ್ಕು ದಿನದ ನಿದ್ದೆಗೇಡು ಕಾಣುತ್ತದೆ.

ಪೋರ್ಟಿಕೊದ ಆಚೆ ಮಳೆ ಜೋರಾಗಿದೆ. ಕೊಡೆಯಕ್ಕ ಹಿಂದಿನ ಎಡ ಮೂಲೆಗೆ ಮಗ್ಗು ಬಗ್ಗಿಸುತ್ತಾರೆ. ಬಗ್ಗಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಒಂದು, ಎರಡು, ಮೂರು. ವಾಚ್‌ಮನ್ ಗೇಟು ಮರೆತು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು ತಾವೂ ಎಣಿಸುತ್ತಿದ್ದಾರೆ. ಆರು, ಏಳು. ಮೇಷ್ಟ್ರು ಮಗಳ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಾರೆ. ಹತ್ತು.

“ಬಂತು! ಬಂತು ಕಣಮ್ಮ, ಧಾರಾಕಾರ!” ಎಂದು ಕೂಗುತ್ತಾರೆ ವಾಚ್‌ಮನ್.

ಕೊಡೆಯಕ್ಕ ಅವರ ಮಾತು ನಂಬುವುದಿಲ್ಲ. ಇಳಿದು ಬಂದು, ಚಕ್ರದ ಹಿಂದೆ ಅಂಗೈ ಚಾಚಿ, ಬೀಳುತ್ತಿರುವ ನೀರು ಕೈಗೆ ತಾಗಿದ ಮೇಲೆಯೇ ಉಸಿರು ಬಿಡುತ್ತಾರೆ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಹೊಸ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಾಲ್ಕೂ ಪೈಪು ಸರಿ ಇವೆ. ನಿನ್ನೆಯೂ ಸರಿಯಾಗಿಯೇ ಇದ್ದವು. ಒಂದು ಬೆಳಗಿನ ಓಡಾಟ ಪೂರ್ತಿ ದಂಡ ಎಂದು ಬೇಕಾದವರು ಹೇಳಬಹುದು.

ಮೇಷ್ಟ್ರೇ ಹಾಗೆ ಹೇಳುತ್ತಾರೆ, ಬೇಸರದಿಂದಲ್ಲ, ಮರುಕದಿಂದ. “ಎಲ್ಲಾ ಸರಿಯಾಗೇ ಇತ್ತಲ್ಲ ತಾಯಿ. ಸುಮ್ನೆ ಇಷ್ಟು ದೂರ ಜೀವ ಕೈಲಿ ಹಿಡ್ಕೊಂಡು ಬಂದ್ರಿ.”

“ಸರಿಯಾ‌ಗಿತ್ತು ಮೇಷ್ಟ್ರೇ. ಆದ್ರೆ ಅದು ನಂಗೆ ಗೊತ್ತಿರ್ಲಿಲ್ವಲ್ಲ. ಗೊತ್ತಿಲ್ದೇ ನಿಮ್ಮ ಕೈಗೆ ಕೀ ಕೊಟ್ಟಿದ್ದೆ.”

ಮಗಳು ಅವರನ್ನು ಒಂದು ಗಳಿಗೆ ನೋಡುತ್ತಾಳೆ. ಆಮೇಲೆ ಸುತ್ತಿದ ಬಟ್ಟೆಯ ಅಂಚನ್ನು ಸ್ವಲ್ಪ ಸರಿಸುತ್ತಾಳೆ, ಒಳಗಿನ ಮುಖ ಕಾಣುವಷ್ಟು. ಕೊಡೆಯಕ್ಕ ದೂರದಿಂದಲೇ ನೋಡುತ್ತಾರೆ, ಕೈ ಒದ್ದೆಯಾಗಿದೆಯೆಂದು ಮುಟ್ಟುವುದಿಲ್ಲ. ವಾಚ್‌ಮನ್ನಿಗೆ ಗೇಟು ನೆನಪಾಗಿ ಸೀಟಿ ಊದುತ್ತಾರೆ. ಗಾಜು ಮುಚ್ಚಿಕೊಳ್ಳುತ್ತದೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ನೀಲಿ ಕಾರು ಪೋರ್ಟಿಕೊ ಬಿಟ್ಟು ಸುರಿಯುವ ಮಳೆಗೆ ಇಳಿಯುತ್ತದೆ. ಅದು ಗೇಟು ದಾಟಿ ತಿರುಗುವವರೆಗೂ ಕೊಡೆಯಕ್ಕ ಕದಲುವುದಿಲ್ಲ.

ಮಳೆ ನಿಲ್ಲುವುದನ್ನು ಕಾಯುತ್ತ ಮೂವರೂ ಗೋಡೆಗೆ ಒರಗಿ ನಿಂತಿರುವಾಗ ಯಜಮಾನರು ಮೆಲ್ಲನೆ ಪತ್ರಿಕೆಯವರ ಹತ್ತಿರ ಸರಿಯುತ್ತಾರೆ. ಇಷ್ಟು ಹೊತ್ತೂ ಅವರನ್ನು ಕೊರೆಯುತ್ತಿದ್ದದ್ದು ಬೇರೆಯೇ ವಿಷಯ. ಗಿರಾಕಿಗಳು ಓದುತ್ತಾರೆ, ಎದುರು ಬೀದಿಯ ಗ್ಯಾರೇಜಿನವರೂ ಓದುತ್ತಾರೆ.

“ಸರ್, ಒಂದ್ಮಾತು. ನೀವು ಬರೆಯೋವಾಗ ಈ ಇವತ್ತಿನ ಬೆಳಗ್ಗಿಂದು... ಆ ಮೂಲೆ ಬಿಟ್ಟಿದ್ದು, ಅದೊಂದು ಬಿಟ್ಬಿಡಿ. ಹೇಗೂ ಏನೂ ಆಗಿರ್ಲಿಲ್ಲವಲ್ಲ. ವರ್ಷಕ್ಕೆ ಮುನ್ನೂರು ಗಾಡಿ ಮಾಡ್ತಾಳೆ ಅಂತ ಬರೀರಿ, ಅಷ್ಟು ಸಾಕು.”

ಬಕೆಟ್ಟಿನಲ್ಲಿ ಉಳಿದಿದ್ದ ಹನಿಗಳನ್ನು ಒದರುತ್ತಿದ್ದ ಕೊಡೆಯಕ್ಕನಿಗೆ ಅದು ಕೇಳಿಸುತ್ತದೆ. ಬಕೆಟ್ಟನ್ನು ಗೋಡೆಯ ಬುಡದಲ್ಲಿ ಬೋರಲು ಹಾಕಿ ತಿರುಗುತ್ತಾರೆ.

“ಬಿಡ್ಬೇಡಿ ಸರ್, ಬರೀರಿ. ಮೂರು ಮೂಲೆ ನೋಡಿ ಗಾಡಿ ಕಳಿಸಿದ್ಲು ಅಂತ ಬರೀರಿ. ನಾಲ್ಕನೇದನ್ನ ಆಸ್ಪತ್ರೆ ಬಾಗಿಲಿಗೆ ಬಂದು ನೋಡಿದ್ಲು. ಅದನ್ನೂ ಬರೀರಿ.”